ಗದೆ ಇಲ್ಲದ ರಾಜಪಾರ್ಟು

ಸೀಸನ್ನಿನಲ್ಲಿ ಮನೆಯಲ್ಲಿ ಕೂತ ಡ್ರಾಮಾ ಮೇಷ್ಟ್ರನ್ನು ಯಾರೂ ಮಾತಾಡಿಸಬಾರದು. ಆ ವರ್ಷ ನಾನು ಹಾಗೆ ಕೂತಿದ್ದೆ. ಕಣದ ಕೆಲಸ ಮುಗಿದು ಕೆ.ಆರ್.ಪೇಟೆ, ನಾಗಮಂಗಲ ಕಡೆಯ ಊರೂರಿನಲ್ಲೂ ಪೌರಾಣಿಕ ನಾಟಕದ ಪ್ರಾಕ್ಟೀಸು ಶುರುವಾಗಿತ್ತು. ನನ್ನ ಹತ್ತಿರವೇ ಸರಿಗಮ ಕಲಿತವರು ಮೂರು ಮೂರು ಊರು ಒಪ್ಪಿಕೊಂಡು ಸ್ಕೂಟರಿನಲ್ಲಿ ಓಡಾಡುತ್ತಿದ್ದರು. ನಾನು ಪಾಂಡವಪುರದ ಮನೆಯ ಜಗಲಿಯಲ್ಲಿ ಹಾರ್ಮೋನಿಯಂ ಬಿಚ್ಚಿಕೊಂಡು, ಕೆಡದೇ ಇರುವ ರೀಡುಗಳನ್ನು ರಿಪೇರಿ ಮಾಡುತ್ತಾ, ಹೆಂಡತಿಯ ಮೇಲೆ ರೇಗುತ್ತಾ ಕಾಲ ಕಳೆಯುತ್ತಿದ್ದೆ.

ತಪ್ಪು ನನ್ನದೇ. ನಮ್ಮ ಕಡೆ ನಾಟಕ ನಡೆಯುತ್ತಿರುವಾಗಲೇ ನೆಂಟರಿಷ್ಟರು ಸ್ಟೇಜು ಹತ್ತಿ ಪಾತ್ರಧಾರಿಗೆ ಹಾರ ಹಾಕುವುದುಂಟು. ಮೈಕಿನಲ್ಲಿ ಹೆಸರು ಕೂಗುತ್ತಾರೆ, ಫೋಟೊ ತೆಗೆಯುತ್ತಾರೆ, ಅಷ್ಟು ಹೊತ್ತೂ ರಾಜ ಮಂತ್ರಿ ಎಲ್ಲ ಹಲ್ಲು ಬಿಟ್ಟುಕೊಂಡು ನಿಂತಿರುತ್ತಾರೆ. ಹಿಂದಿನ ವರ್ಷ ಕಿಕ್ಕೇರಿ ಹತ್ತಿರದ ಒಂದು ಊರಿನಲ್ಲಿ ಸಾವಿನ ಸೀನು ನಡೆಯುತ್ತಿತ್ತು. ಸತ್ತ ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ತಾಯಿ ಹಾಡಿಕೊಂಡು ಅಳುತ್ತಿದ್ದಾಳೆ, ಹಿಂದಿನಿಂದ ಆ ಮಗನ ಭಾವಮೈದುನರು ಹಾರ ಹಿಡಿದು ಬಂದರು. ಸತ್ತವನು ಎದ್ದು ಕೂತು ಕೊರಳೊಡ್ಡಿದ. ನನಗೆ ತಡೆಯಲಾಗಲಿಲ್ಲ. ಹಾರ್ಮೋನಿಯಂ ತಿದಿ ಮುಚ್ಚಿ, ಕೊಂಡಿ ಹಾಕಿ, "ಹೆಣಕ್ಕೆ ಹಾರ ಮಸಾಣದಲ್ಲಿ ಹಾಕ್ರಯ್ಯ, ಇಲ್ಲಲ್ಲ" ಎಂದು ಮೈಕಿನಲ್ಲೇ ಅಂದು ಎದ್ದು ಬಂದುಬಿಟ್ಟೆ. ನಾಟಕ ಅಲ್ಲಿಗೇ ನಿಂತಿತು. ಆ ಮಾತು ನನಗಿಂತ ಮುಂಚೆ ನಾಲ್ಕು ತಾಲ್ಲೂಕು ಸುತ್ತಿತು. ಅಲ್ಲಿಂದಾಚೆಗೆ ಯಾವ ಊರಿನವರೂ ನನ್ನ ಮನೆ ಬಾಗಿಲಿಗೆ ಬರಲಿಲ್ಲ.

ಬಂದವರು ನಾಗಮಂಗಲ ತಾಲ್ಲೂಕಿನ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವ ಮೇಡಂ. ಪಾಂಡವಪುರಕ್ಕೇ ಮದುವೆಯಾಗಿ ಬಂದಿದ್ದವರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು.

"ಮೇಷ್ಟ್ರೇ, ಬಿಡುವಾಗಿದ್ದೀರಂತೆ" ಎಂದರು.

"ಇದ್ದೀನಿ ಕಣಮ್ಮ, ಊರಿಗೆಲ್ಲ ಗೊತ್ತಿರೋ ವಿಷಯ. ಏನಾಗ್ಬೇಕು ಹೇಳಿ."

ಅವರಿಗೆ ಆಗಬೇಕಾದದ್ದು ಒಂದು ನಾಟಕ. ವಿಷಯ ಜಪಾನು. ಯುದ್ಧದಲ್ಲಿ ಸೋತು ಸುಟ್ಟು ಬೂದಿಯಾದ ದೇಶ, ಅಮೆರಿಕದ ಸೈನ್ಯವನ್ನು ಮನೆಯೊಳಗೇ ಇಟ್ಟುಕೊಂಡು, ಆಚೆ ರಷ್ಯ ಗುರುಗುಟ್ಟುತ್ತಿರುವಾಗ, ಇಬ್ಬರ ಮಧ್ಯೆ ಹೇಗೆ ತಲೆಯೆತ್ತಿ ನಿಂತಿತು ಅನ್ನುವುದು. ಪಾಠ ಮಾಡಿದರೆ ಹುಡುಗರು ಇಸವಿ ಬರೆದುಕೊಂಡು ನಿದ್ದೆ ಹೋಗುತ್ತಾರಂತೆ. ಅದೇ ಹುಡುಗರು ಊರಲ್ಲಿ ನಾಟಕವಾದರೆ ರೆಪ್ಪೆ ಮಿಟುಕಿಸದೆ ನೋಡುತ್ತಾರಲ್ಲ, ಅದಕ್ಕೆ ಊರಿನ ಕಲಾವಿದರ ಕೈಲೇ ಆಡಿಸಬೇಕು, ಕಂದ, ಹಾಡು, ಹಾರ್ಮೋನಿಯಂ ಎಲ್ಲ ಇರಬೇಕು. ಬೆಳಿಗ್ಗೆ ಹನ್ನೊಂದು ಗಂಟೆಗೆ ಶುರು, ಒಂದೂವರೆ ಗಂಟೆ.

"ಒಂದೂವರೆ ಗಂಟೆಯಲ್ಲಿ ನಮ್ಮವರು ದೇವರ ಸ್ತುತಿ ಮುಗಿಸ್ತಾರೆ ಅಷ್ಟೆ" ಎಂದೆ. ಆದರೆ ಒಪ್ಪಿಕೊಂಡೆ. ಇದೊಂದು ಎದ್ದು ನಿಂತರೆ ಮತ್ತೆ ನಾನು ಮೇಷ್ಟ್ರು, ಬಿದ್ದರೆ ಹಾರ್ಮೋನಿಯಂ ಅಟ್ಟಕ್ಕೆ. ಅದು ಮೇಡಂಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿಗಂತೂ ಇನ್ನೂ ಚೆನ್ನಾಗಿ ಗೊತ್ತಿತ್ತು.

ಕಲಾವಿದರನ್ನು ಹುಡುಕುವುದು ಕಷ್ಟವಾಗಲಿಲ್ಲ. ಪಾರ್ಟು ಅಂದರೆ ಸಾಕು, ಯಾವ ದೇಶದ್ದಾದರೂ ಸರಿ ಅನ್ನುವ ಜನ ನಮ್ಮಲ್ಲಿದ್ದಾರೆ. ಅಮೆರಿಕದ ಪಾತ್ರಕ್ಕೆ ಬೆಳ್ಳೂರು ಕಡೆಯ ಒಬ್ಬ ಟೈಲರ್ ಸಿಕ್ಕಿದ. ಸೂಟುಗಳನ್ನು ತಾನೇ ಹೊಲಿಯುತ್ತೇನೆ ಎಂದ, ಶ್ರೀರಂಗಪಟ್ಟಣದ ಡ್ರೆಸ್ ಅಂಗಡಿಯಲ್ಲಿ ಕಿರೀಟ ಭುಜಕೀರ್ತಿ ಬಿಟ್ಟರೆ ಬೇರೇನೂ ಸಿಗದಿದ್ದ ಕಾರಣ ಅದೊಂದು ದೊಡ್ಡ ಅನುಕೂಲವಾಯಿತು. ರಷ್ಯಕ್ಕೆ ಒಬ್ಬ ರಿಟೈರ್ಡ್ ಬಸ್ ಕಂಡಕ್ಟರು. ಎತ್ತರದ ಶ್ರುತಿಯಲ್ಲಿ ಕಂದ ಹಾಡಿದರೆ ಬಸ್ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಕೇಳಬೇಕು, ಅಂಥ ಕಂಠ. ಆದರೆ ಊರು ಮಾತ್ರ ಅದೇ, ನಾನು ಹೆಣಕ್ಕೆ ಹಾರದ ಮಾತಾಡಿದ ಊರು.

"ನಮ್ಮೂರೋರ್ಗೆ ನಿಮ್ ಮ್ಯಾಲೆ ಕ್ವಾಪ ಮೇಷ್ಟ್ರೇ, ನಂಗೇನಿಲ್ಲ" ಎಂದರು ಕಂಡಕ್ಟರು. "ಒಂದ್ ಟೆಂಪೋ ಮಾಡ್ಕಂಡ್ ಎಲ್ಲಾ ಬತ್ತಾವ್ರೆ. ಈ ಸಲನೂ ಮಧ್ಯದಲ್ಲಿ ಎದ್ದೋಯ್ತಾರಾ ನೋಡಾನ ಅಂತವ್ರೆ ನಮ್ ಯಜಮಾನ್ರು."

ಜಪಾನಿನ ಪ್ರಧಾನಿಯೇ ನಮ್ಮ ರಾಜಪಾರ್ಟು. ಅದಕ್ಕೆ ಕೆ.ಆರ್.ಪೇಟೆ ಹತ್ತಿರದ ಹಳ್ಳಿಯೊಂದರ ಹಾಲಿನ ಡೇರಿ ಸೆಕ್ರೆಟರಿ. ಇಪ್ಪತ್ತು ವರ್ಷದಿಂದ ಗದೆ ಹಿಡಿಯುವ ಪಾತ್ರಗಳನ್ನೇ ಮಾಡಿದವರು. ದೊಡ್ಡ ಆಳು, ಹುರಿ ಮೀಸೆ, ತೊಡೆ ತಟ್ಟಿದರೆ ಮುಂದಿನ ಸಾಲಿನ ಮಕ್ಕಳು ಅಳಬೇಕು. ಸಂಜೆ ಹಾಲಿನ ಹೊತ್ತಿಗೆ ಅವರು ಹೊರಟುಬಿಡಬೇಕಾದ್ದರಿಂದ ಪ್ರಾಕ್ಟೀಸನ್ನು ಮಧ್ಯಾಹ್ನ ಎರಡರಿಂದ ನಾಲ್ಕೂವರೆಗೆ ಇಟ್ಟುಕೊಂಡೆವು. ಜಾಗ, ಕೆ.ಆರ್.ಪೇಟೆಯ ಒಂದು ಖಾಲಿ ಗೋಡೌನು.

ಮೇಡಂ ಬರೆದುಕೊಟ್ಟಿದ್ದು ಮೂವತ್ತು ಪುಟ. ಎಲ್ಲ ಗದ್ಯ. ಅದನ್ನು ಹದಿನಾಲ್ಕಕ್ಕೆ ಇಳಿಸಿದೆ. ಯಾವ ಮಾತನ್ನು ಹಾಡಾಗಿ ಮಾಡಬಹುದು, ಯಾವುದನ್ನು ಆಡಿಯೇ ತೀರಬೇಕು ಎಂದು ಅಂಚಿನಲ್ಲಿ ಗುರುತು ಹಾಕಿದೆ. ಅಮೆರಿಕದ ಪ್ರವೇಶಕ್ಕೆ ಜೋರು ನಡೆಯ ಮಟ್ಟು, ರಷ್ಯದ ತಕರಾರಿಗೆ ಉದ್ದನೆಯ ಕಂದ. ಗೇಣಿದಾರರಿಗೆ ಭೂಮಿ ಹಂಚುವ ಸೀನು ಮೊದಲ ದಿನವೇ ಕೂತುಬಿಟ್ಟಿತು. ಉಳುವವನಿಗೆ ನೆಲ ಸಿಗುವುದು ಎಂದರೇನು ಎಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ಕೊರಿಯದಲ್ಲಿ ಯುದ್ಧವಾಗಿ, ಅಮೆರಿಕದ ಸೈನ್ಯ ಲಾರಿ, ಬಟ್ಟೆ, ಕಬ್ಬಿಣ ಎಲ್ಲವನ್ನೂ ಜಪಾನಿನಲ್ಲೇ ಕೊಂಡು, ಅಲ್ಲಿನ ಕಾರ್ಖಾನೆಗಳು ಎದ್ದವು ಎಂದು ಮೇಡಂ ವಿವರಿಸಿದಾಗ ಕಂಡಕ್ಟರು, "ಅಂಗನ್ನಿ. ಪಕ್ಕದ್ ಮನೇಲಿ ಜಗಳ, ಇವ್ರ್ ಅಂಗ್ಡೀಲಿ ದೊಣ್ಣೆ ಯಾಪಾರ" ಎಂದರು. ಮೇಡಂ ನಕ್ಕು, ಆ ಮಾತನ್ನು ಹಾಗೇ ಬರೆದುಕೊಂಡು ನಾಟಕಕ್ಕೆ ಸೇರಿಸಿದರು. ಅಲ್ಲಿನ ಮಕ್ಕಳು ಆನೆ ಬೇಕೆಂದು ಪತ್ರ ಬರೆದದ್ದಕ್ಕೆ ಭಾರತ ನಿಜವಾಗಲೂ ಒಂದು ಆನೆ ಕಳಿಸಿತ್ತು ಎಂದು ಹೇಳಿದಾಗಲಂತೂ ಸೆಕ್ರೆಟರಿ ಎದ್ದೇ ನಿಂತರು.

"ಆನೆ ತರ್ಸಾನ ಮೇಡಂ! ಆನೆ ಇದ್ರೆ ನಾಟ್ಕ ಎಲ್ಲೋ ಓಯ್ತದೆ!"

"ಆನೆ ಬೇಡ ಸರ್, ಬಾಯಲ್ಲಿ ಹೇಳಿದ್ರೆ ಸಾಕು" ಎಂದು ಅವರನ್ನು ಕೂರಿಸಬೇಕಾದರೆ ಮೇಡಂಗೆ ಸಾಕುಸಾಕಾಯಿತು.

ಇಷ್ಟೆಲ್ಲ ಸರಿಯಾಯಿತು. ಸರಿಯಾಗದ್ದು ಸೆಕ್ರೆಟರಿಯವರ ಕೈ.

ಯುದ್ಧವನ್ನೇ ಕೈಬಿಡುತ್ತೇವೆ ಎಂದು ಸಂವಿಧಾನದಲ್ಲಿ ಬರೆದುಕೊಂಡ ದೇಶ ಅದು. ಪ್ರಧಾನಿಯ ಕೈಯಲ್ಲಿ ಆಯುಧ ಇರುವ ಹಾಗಿಲ್ಲ. "ಗದೆ ಇಲ್ದೆ ನಾನ್ ಕೈ ಎಲ್ಲಿಕ್ಕಳ್ಳಿ ಮೇಷ್ಟ್ರೇ?" ಎಂದು ಅವರು ಮೊದಲ ದಿನವೇ ಕೇಳಿದ್ದರು. ನಾನು ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಬಲಗೈ ತಾನಾಗಿಯೇ ಹೆಗಲಿಗೆ ಏರುತ್ತಿತ್ತು, ಎಡಗೈ ಮೀಸೆಗೆ ಹೋಗುತ್ತಿತ್ತು. ಛತ್ರಿ ಕೊಟ್ಟೆ, ಅದನ್ನು ಗಿರಗಿರ ತಿರುಗಿಸಿ ಹೆಗಲ ಮೇಲಿಟ್ಟರು. ಫೈಲು ಕೊಟ್ಟೆ, ಅದರಲ್ಲೇ ಅಮೆರಿಕದ ಎದೆಗೆ ತಿವಿದರು. ಕೋಟಿನ ಜೇಬಿಗೆ ಕೈ ಹಾಕಿಸಿದೆ. ತೊಡೆ ತಟ್ಟಲು ಹೊರಟ ಕೈ ಜೇಬಿನಲ್ಲಿ ಸಿಕ್ಕಿಕೊಂಡು ಹೊಲಿಗೆ ಪರ್ರೆಂದು ಕಿತ್ತು ಬಂತು.

"ಎರಡ್ ದಿನ ಕುಂತು ಒಲ್ದಿವ್ನಿ ಕಣ್ಲಾ ಅದ!" ಎಂದು ಟೈಲರ್ ಬಾಯಿ ಬಡಿದುಕೊಂಡ.

ಅದಕ್ಕಿಂತ ಹೆಚ್ಚು ಹಾಳಾಗುತ್ತಿದ್ದದ್ದು ಸಹಿಯ ಸೀನು. ನಾಟಕದ ಹೊಟ್ಟೆ ಇರುವುದೇ ಅಲ್ಲಿ. ಸಾವಿರದ ಒಂಬೈನೂರ ಐವತ್ತೊಂದು, ಸ್ಯಾನ್ ಫ್ರಾನ್ಸಿಸ್ಕೊ. ಎಲ್ಲ ದೇಶಗಳೂ ಒಟ್ಟಿಗೆ ರಾಜಿಗೆ ಬರಲಿ ಎಂದು ಕಾದರೆ ಅಮೆರಿಕದ ಸೈನ್ಯ ಯಾವಾಗ ಅಧಿಕಾರ ಬಿಟ್ಟುಕೊಡುತ್ತದೋ ಗೊತ್ತಿಲ್ಲ. ಅಮೆರಿಕದ ಕಡೆಯವರ ಜೊತೆ ಮಾತ್ರ ಆದರೆ ರಷ್ಯದ ಹಗೆ ಉಳಿಯುತ್ತದೆ, ಚೀನ ದೂರವೇ ಆಗುತ್ತದೆ. ಪ್ರಧಾನಿ ಎರಡನೆಯದನ್ನು ಆರಿಸಿಕೊಂಡ. ಶಾಂತಿ ಒಪ್ಪಂದಕ್ಕೆ ಜೊತೆಯವರೊಂದಿಗೆ ಸಹಿ ಹಾಕಿ, ಅದೇ ದಿನ ಅಮೆರಿಕದ ಸೈನ್ಯವನ್ನು ನೆಲದಲ್ಲಿ ಉಳಿಸಿಕೊಳ್ಳುವ ರಕ್ಷಣಾ ಒಪ್ಪಂದಕ್ಕೆ ಮಾತ್ರ ತಾನೊಬ್ಬನೇ ಸಹಿ ಹಾಕಿದ. ನಾಳೆ ಜನ ಬೈದರೆ ತನ್ನೊಬ್ಬನಿಗೇ ಬೈಯಲಿ ಎಂದು. ಇದನ್ನು ಹೇಳುವಾಗ ಮೇಡಂ ದನಿಯೇ ತಗ್ಗುತ್ತಿತ್ತು.

ನಮ್ಮ ರಾಜಪಾರ್ಟು ಏನು ಮಾಡಿದರು? ಪೆನ್ನನ್ನು ಬಾಣದ ಹಾಗೆ ಕಿವಿಯವರೆಗೆ ಎಳೆದು, "ಇದೋ ಹಾಕಿದೆ!" ಎಂದು ಗುಡುಗಿ, ಕಾಗದ ಹರಿಯುವ ಹಾಗೆ ಗೀಚಿದರು. ನಾನು ಹಿಂದಿನಿಂದ ಅಭ್ಯಾಸಬಲದಲ್ಲಿ ಹಾರ್ಮೋನಿಯಂ ಜೋರು ಮಾಡಿದೆ.

"ಸರ್, ಇದು ಶಪಥ ಅಲ್ಲ, ಸಹಿ" ಎಂದರು ಮೇಡಂ, ಅಳುವ ದನಿಯಲ್ಲಿ.

ಹತ್ತು ದಿನ ಹೀಗೇ ಹೋಯಿತು. ನಾನು ಬೈದೆ, ಕೂಗಾಡಿದೆ, ಒಂದು ದಿನ ಕೈಲಿದ್ದ ತಾಳದ ಚಿಟಿಕೆಯನ್ನೇ ಎಸೆದೆ. ಉಳಿದದ್ದು ಒಂಬತ್ತು ದಿನ. ಆ ಕಾಲೇಜಿನ ಕನ್ನಡ ಮೇಷ್ಟ್ರೊಬ್ಬರು, "ಬೇಕಾದರೆ ನಾನು ಮಾಡ್ತೀನಿ" ಎಂದಿದ್ದರು. ಅವರನ್ನೇ ಹಾಕೋಣ ಎಂದು ತೀರ್ಮಾನಿಸಿದೆ. ಇಪ್ಪತ್ತು ವರ್ಷದ ಕಲಾವಿದನಿಗೆ ಈ ಮಾತನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲ ಎಂದು ಬೆಳಿಗ್ಗೆ ಮೊದಲ ಬಸ್ಸಿಗೆ ಅವರ ಊರಿಗೆ ಹೋದೆ.

ಡೇರಿಯ ಮುಂದೆ ಕ್ಯಾನುಗಳ ಸಾಲು. ನಾನು ಹೋಗುವ ಹೊತ್ತಿಗೆ ಜಗಳ ಹತ್ತಿಕೊಂಡಿತ್ತು. ಆ ಊರಲ್ಲಿ ಎರಡು ಪಾರ್ಟಿ. ಡೇರಿ ಇರುವುದು ಒಂದು ಪಾರ್ಟಿಯ ಗೌಡರ ಕಟ್ಟಡದಲ್ಲಿ. ಆ ಗೌಡರು ಎದುರು ಪಾರ್ಟಿಯ ಮುಖಂಡನ ಕ್ಯಾನು ತೋರಿಸಿ ಕೂಗುತ್ತಿದ್ದರು.

"ಅವುನ್ ಹಾಲ್ಗೆ ನೀರ್ ಬಿದ್ದದೆ. ಅದುನ್ನ ತಗಂಡ್ರೆ ನಾಳಿಂದ ಈ ಬಾಗ್ಲು ತೆಗಿಯಾಕಿಲ್ಲ. ನಮ್ ಕಟ್ಟಡ ಇದು, ನೆಪ್ಪಿರ್ಲಿ!"

"ನಮ್ ಬೀದಿ ಹಾಲು ಬರ್ನಿಲ್ಲ ಅಂದ್ರೆ ನಿನ್ ಡೇರಿ ಕ್ಯಾನು ಅರ್ಧನೂ ತುಂಬಾಕಿಲ್ಲ, ನೋಡ್ಕ" ಎಂದು ಆ ಮುಖಂಡ ಸೆಕ್ರೆಟರಿಯ ಮೇಲೇ ಏರಿ ಬಂದ.

ಮೇಜಿನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ನಮ್ಮ ಸೆಕ್ರೆಟರಿ ಏಳಲಿಲ್ಲ. ದನಿ ಏರಿಸಲಿಲ್ಲ. ಮೀಸೆ ಇದೆ ಎನ್ನುವುದೇ ಅವರಿಗೆ ನೆನಪಿದ್ದಂತಿರಲಿಲ್ಲ. "ನೋಡಾನ ಬುಡಿ" ಎಂದು ಉದ್ದನೆಯ ಜಾಡಿಗೆ ಹಾಲು ಹುಯ್ದು, ಲ್ಯಾಕ್ಟೋಮೀಟರನ್ನು ಮೆಲ್ಲಗೆ ಅದರೊಳಗೆ ಬಿಟ್ಟು, ಜಾಡಿಯನ್ನು ಎರಡು ಬೆರಳಲ್ಲಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಕಡ್ಡಿ ತೇಲಿ, ಆಡಿ, ನಿಲ್ಲುವವರೆಗೂ ಅಲ್ಲಿ ಯಾರೂ ಉಸಿರೆತ್ತಲಿಲ್ಲ.

"ನೀವೇ ನೋಡ್ಕಳಿ ಗೌಡ್ರೇ. ಅಣ್ಣ, ನೀನೂ ನೋಡ್ಕ."

ಇಬ್ಬರೂ ಬಗ್ಗಿ ನೋಡಿದರು. ಸೆಕ್ರೆಟರಿ ಪುಸ್ತಕದಲ್ಲಿ ಬರೆದುಕೊಂಡು, ತಲೆ ಎತ್ತದೆ ಹೇಳಿದರು: "ಕಟ್ಟಡ ನಿಮ್ದು ಗೌಡ್ರೇ, ಇಲ್ಲ ಅಂದೋರ್ಯಾರು? ಹಾಲು ಸರ್ಯಾಗದೆ, ತಗತೀನಿ. ಮುಂದಿನೋರು ಬನ್ನಿ. ಸರ್ದಿ ಮ್ಯಾಲೆ ಬನ್ನಿ."

ಗೌಡರು ಗೊಣಗಿಕೊಂಡು ಹೋದರು. ಮುಖಂಡ ಮೀಸೆಯಡಿಯಲ್ಲಿ ನಕ್ಕ. ನಾನು ಕಂಬ ಹಿಡಿದು ನಿಂತಿದ್ದವನು ನಿಂತೇ ಇದ್ದೆ. ಹತ್ತು ದಿನದಿಂದ ನಾನು ಬಾಯಿ ಒಣಗಿಸಿಕೊಂಡು ಕೇಳುತ್ತಿದ್ದ ಪ್ರಧಾನಿ ಇಲ್ಲಿ ದಿನಕ್ಕೆರಡು ಹೊತ್ತು ಕೂತು ಹಾಲು ಅಳೆಯುತ್ತಿದ್ದ!

ಸಾಲು ಕರಗಿದ ಮೇಲೆ ಟೀ ತರಿಸಿದರು. "ಏನ್ ಮೇಷ್ಟ್ರೇ, ಇಷ್ಟ್ ಒತ್ತಾರೆ?" ಎಂದರು.

ಪಾರ್ಟು ಕಿತ್ತುಕೊಳ್ಳಲು ಬಂದವನು ಎಂದು ಹೇಳಲಿಲ್ಲ. "ಆ ಇಬ್ಬರನ್ನ ಹೇಗೆ ಸಂಭಾಳಿಸ್ತೀರಿ?" ಎಂದು ಕೇಳಿದೆ.

"ಸಂಬಾಳ್ಸಾದೇನ್ ಬಂತು. ಇವ್ರ್ ಕಟ್ಟಡ್ದಲ್ಲಿ ಕುಂತಿವ್ನಿ, ಇವ್ರುನ್ನ ಎದ್ರಾಕ್ಕಂಡ್ರೆ ಡೇರಿ ಬೀದೀಲಿ. ಅವ್ರುನ್ನ ಬುಟ್ರೆ ಕ್ಯಾನು ಖಾಲಿ. ಇಬ್ರು ತಾವೂ ಬೈಸ್ಕತೀನಿ. ಡೇರಿ ನಡೀತದೆ."

"ಸೆಕ್ರೆಟ್ರೇ, ಇದನ್ನೇ ಕಣ್ರೀ ನಾನು ಕೇಳ್ತಿರೋದು! ಇದೇ ಕೂರೋದು, ಇದೇ ದನಿ, ಇದೇ ಕೈ. ಪೆನ್ನನ್ನ ಆ ಜಾಡಿ ಹಿಡಿದ ಹಾಗೆ ಹಿಡೀರಿ ಸಾಕು."

ಅವರು ಲೋಟ ಕೆಳಗಿಟ್ಟರು. "ಮೇಷ್ಟ್ರೇ, ಇಲ್ಲಿ ತೊಡೆ ತಟ್ಟಂಗಿಲ್ಲ, ಅದ್ಕೇ ಅಲ್ವಾ ನಾನ್ ಸ್ಟೇಜ್ ಮ್ಯಾಲೆ ತಟ್ಟಾದು? ವರ್ಸಕ್ಕೊಂದ್ ದಿನ ನಾನ್ ಗಟ್ಯಾಗಿ ಮಾತಾಡಾದು. ಅದುನ್ನೂ ಕಿತ್ಕತೀರಾ?"

ಇಪ್ಪತ್ತು ವರ್ಷ ಈ ಮನುಷ್ಯನ ಅಬ್ಬರವನ್ನು ಒಣ ಜಂಬ ಎಂದುಕೊಂಡಿದ್ದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಬಲವಂತ ಮಾಡಲು ಮನಸ್ಸು ಬರಲಿಲ್ಲ. "ಕಿತ್ಕೊಳ್ಳಲ್ಲ. ಕೇಳ್ತಾ ಇದ್ದೀನಿ. ಬೇಡ ಅಂದ್ರೆ ಬೇಡ, ಗದೆನೇ ಹಿಡೀರಿ, ಆಗಿದ್ದಾಗಲಿ" ಎಂದೆ. ನನ್ನ ಜನ್ಮದಲ್ಲಿ ಒಬ್ಬ ಪಾತ್ರಧಾರಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಅವರು ಜಾಡಿ ತೊಳೆದರು. ಬೋರಲು ಹಾಕಿದರು. "ಆಮ್ಯಾಲೆ ಜನ ನಗಾಡುದ್ರೆ?" ಎಂದರು.

"ನಕ್ಕರೆ ನನಗೆ ನಗಲಿ. ನನಗೆ ಅಭ್ಯಾಸವಾಗಿದೆ."

"ಸರಿ ಬುಡಿ. ಒಂದ್ಸಲ ನೋಡಾನ" ಎಂದರು.

ಆ ಒಂಬತ್ತು ದಿನ ಕೆಲಸ ಅಂದರೆ ಕೆಲಸ. ಡೇರಿಯ ಮೇಜಿನ ಎತ್ತರ ಅಳೆದು ಅಷ್ಟೇ ಎತ್ತರದ ಮೇಜು, ಅಂಥದೇ ಸ್ಟೂಲು ಹುಡುಕಿದೆ. ಸಹಿಯ ಸೀನಿಗೆ ಬರೆದಿದ್ದ ಹಾಡು ಹೊಡೆದು ಹಾಕಿದೆ. ಮೇಲಿನಿಂದ ನೇತುಬಿಟ್ಟ ಮೈಕು ನಮ್ಮವರ ಗುಡುಗನ್ನು ಹಿಡಿಯುತ್ತದೆಯೇ ಹೊರತು ಮೆಲುದನಿಯನ್ನು ಹಿಡಿಯುವುದಿಲ್ಲ. ಅದಕ್ಕೆ ಹೂದಾನಿಯ ಹಿಂದೆ ಒಂದು ಸಣ್ಣ ಮೈಕು ಇಡಿಸಿದೆ. ಕೊನೆಗೆ, ಮೂರು ದಿನ ಯೋಚಿಸಿ, ಆ ಸೀನಿನಲ್ಲಿ ಹಾರ್ಮೋನಿಯಂ ಕೂಡ ಬೇಡ ಎಂದುಕೊಂಡೆ. ಅವರು ಪೆನ್ನು ಎತ್ತಿದ ಮೇಲೆ ನಾನು ಏನು ನುಡಿಸಿದರೂ ಹೆಚ್ಚೇ ಆಗುತ್ತಿತ್ತು. ನಮ್ಮ ನಾಟಕದಲ್ಲಿ ಎರಡು ನಿಮಿಷ ಹಾರ್ಮೋನಿಯಂ ನಿಂತರೆ ಕರೆಂಟು ಹೋಗಿದೆ ಎಂದು ಅರ್ಥ. ಇನ್ನೊಂದು ಅರ್ಥವೂ ಇದೆ. ಮೂವತ್ತು ವರ್ಷ ಈ ಕಸುಬು ಮಾಡಿದ ನನಗೆ ಅದು ಹೊಳೆಯಲೇ ಇಲ್ಲ.

ನಾಟಕದ ಮುನ್ನಾದಿನ ಮೇಡಂ, "ಹಾರ ಹಾಕೋದಿದ್ರೆ ಕೊನೇಲಿ ಅಂತ ಮೈಕಲ್ಲಿ ಹೇಳಿಬಿಡ್ಲಾ?" ಎಂದು ಕೇಳಿದರು. "ಬೇಡ ತಾಯಿ. ಹಾರದ ವಿಷಯ ನನ್ನ ಕಡೆಯಿಂದ ಬಂತು ಅಂದರೆ ಸಾಕು, ಆ ಕಂಡಕ್ಟರ್ ಊರಿನವರು ಅಲ್ಲೇ ಎದ್ದು ಹೋಗ್ತಾರೆ" ಎಂದೆ.

ಕಾಲೇಜಿನ ಸಭಾಂಗಣ ತುಂಬಿತ್ತು. ನಡುವೆ ವಿದ್ಯಾರ್ಥಿಗಳು, ಎಡಗಡೆ ಟೈಲರ್ ಊರಿನವರು, ಬಲಗಡೆ ಕಂಡಕ್ಟರ್ ಊರಿನವರು. ಆ ಊರಿನ ಯಜಮಾನರು ಮೊದಲ ಸಾಲಿನಲ್ಲಿ ಟವೆಲು ಹೆಗಲಿಗೆ ಹಾಕಿ, ನನ್ನನ್ನೇ ನೋಡುತ್ತಾ ಕೂತಿದ್ದರು. ನಾನು ನಮಸ್ಕಾರ ಮಾಡಿದೆ. ಅವರು ಮಾಡಲಿಲ್ಲ.

ಸ್ತುತಿ ಚಿಕ್ಕದಾಗಿ ಮುಗಿಯಿತು. ಭೂಮಿ ಹಂಚುವ ಸೀನಿಗೆ ಶಿಳ್ಳೆ ಬಿತ್ತು. ದೊಣ್ಣೆ ವ್ಯಾಪಾರದ ಮಾತಿಗೆ ಪ್ರಿನ್ಸಿಪಾಲರೂ ನಕ್ಕರು. ರಷ್ಯ ಎತ್ತರದ ಶ್ರುತಿಯಲ್ಲಿ ತನ್ನ ತಕರಾರು ಹಾಡಿ, ಸಹಿ ಹಾಕುವುದಿಲ್ಲ ಎಂದು ಮೇಜು ಗುದ್ದಿ ಪಕ್ಕಕ್ಕೆ ಸರಿದಾಗ ಬಲಗಡೆಯವರು ಒನ್ಸ್‌ಮೋರ್ ಕೂಗಿದರು. ಒಂದು ಸಲ ಮಾಡಿಸಿದೆ. ಆಮೇಲೆ ಸೆಕ್ರೆಟರಿ ಬಂದು ಸ್ಟೂಲಿನ ಮೇಲೆ ಕೂತರು. ನಾನು ಹಾರ್ಮೋನಿಯಂನಿಂದ ಕೈ ತೆಗೆದೆ.

ಒಂದೇ ಒಂದು ಕ್ಷಣ ಸಭೆ ನಿಶ್ಶಬ್ದವಾಯಿತು. ಆಗ ಎಡಗಡೆ ಕುರ್ಚಿ ಸರಿದ ಸದ್ದು, ಬಲಗಡೆಯೂ ಕುರ್ಚಿ ಸರಿದ ಸದ್ದು. ನೋಡುತ್ತೇನೆ, ಎರಡೂ ಊರಿನವರು ಕಾಗದ ಬಿಚ್ಚಿ ಹಾರ ತೆಗೆಯುತ್ತಿದ್ದಾರೆ! ಹಾರ್ಮೋನಿಯಂ ನಿಂತಿತು ಅಂದರೆ ಹಾರದ ಹೊತ್ತು ಬಂತು ಅಂತ. ಇಷ್ಟು ವರ್ಷ ಹಾರಕ್ಕಾಗಿ ಹಾರ್ಮೋನಿಯಂ ನಿಲ್ಲಿಸಿಕೊಂಡು ಬಂದವನು ನಾನೇ, ಮರೆತವನೂ ನಾನೇ. ಅಮೆರಿಕಕ್ಕೆ ಹಾಕಲು ಅವರು ಎಡಗಡೆ ಮೆಟ್ಟಿಲಿಗೆ ಬಂದರು, ರಷ್ಯಕ್ಕೆ ಹಾಕಲು ಇವರು ಬಲಗಡೆ ಮೆಟ್ಟಿಲಿಗೆ ಬಂದರು. ಒಬ್ಬರ ಹಾರ ಇನ್ನೊಬ್ಬರದಕ್ಕಿಂತ ದಪ್ಪ. ತಮ್ಮದು ಮೊದಲು ಬೀಳಬೇಕೆಂದು ಎರಡೂ ಕಡೆಯವರು ನಡಿಗೆ ಜೋರು ಮಾಡಿದರು.

ಅದೇ ಸಿಟ್ಟು, ಅದೇ ಜಾಗದಿಂದ ಏರಿ ಬಂತು. ಕೈ ತಿದಿಯ ಕೊಂಡಿಯ ಮೇಲಿತ್ತು. ಪಕ್ಕದ ಪರದೆಯ ಮರೆಯಲ್ಲಿ ಮೇಡಂ ಕಣ್ಣು ಮುಚ್ಚಿಕೊಂಡಿದ್ದರು. ಮುಂದಿನ ಸಾಲಿನಲ್ಲಿ ಯಜಮಾನರು ಮಾತ್ರ ಏಳದೆ, ನನ್ನ ಕೈಯನ್ನೇ ನೋಡುತ್ತಿದ್ದರು. ಬಾಯಿ ತೆರೆದರೆ ಕೆಟ್ಟೆ ಎಂದು ನನಗೆ ಗೊತ್ತಿತ್ತು. ನುಡಿಸಿ ಅವರನ್ನು ತಡೆದರೆ ಸೆಕ್ರೆಟರಿಯ ಸೀನು ಸತ್ತಿತು. ಕೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಸೆಕ್ರೆಟರಿಯ ಮುಖ ನೋಡಿದೆ.

ಅವರು ತಲೆ ಎತ್ತಲಿಲ್ಲ. ಪೆನ್ನನ್ನು ಎರಡು ಬೆರಳಲ್ಲಿ ಕಣ್ಣಿನ ಮಟ್ಟಕ್ಕೆ ಹಿಡಿದು ಮೊನೆ ನೋಡುತ್ತಿದ್ದವರು, ಹಾಗೇ, ಡೇರಿಯ ದನಿಯಲ್ಲಿ ಹೇಳಿದರು.

"ಇಬ್ಬರೂ ಅಲ್ಲೇ ಇರಿ. ಈ ಬರವಣಿಗೆ ಮುಗೀಲಿ."

ಹೂದಾನಿಯ ಹಿಂದಿನ ಮೈಕು ಅದನ್ನು ಕೊನೆಯ ಸಾಲಿನವರೆಗೂ ಮುಟ್ಟಿಸಿತು. ಎರಡೂ ಕಡೆಯವರು ನಿಂತರು. ದಿನಾ ಬೆಳಿಗ್ಗೆ ತಂತಮ್ಮ ಊರಿನ ಡೇರಿ ಮುಂದೆ ಕ್ಯಾನು ಹಿಡಿದು ಇಂಥದೇ ಮಾತಿಗೆ ನಿಲ್ಲುವ ಜನ, ಹಾರ ಹಿಡಿದೂ ನಿಂತರು. ಎಡಗಡೆ ಮೆಟ್ಟಿಲ ಮೇಲೆ ಒಂದು ದೊಡ್ಡ ಹಾರ, ಬಲಗಡೆ ಮೆಟ್ಟಿಲ ಮೇಲೆ ಒಂದು ದೊಡ್ಡ ಹಾರ, ನಡುವೆ ಸ್ಟೂಲಿನ ಮೇಲೆ ಒಬ್ಬನೇ ಒಬ್ಬ ಮನುಷ್ಯ. ವಿದ್ಯಾರ್ಥಿಗಳ ಕಡೆ ಗುಸುಗುಸು ಎದ್ದು, ಮತ್ತೆ ಅಡಗಿತು. ಅವರಿಗೆ ಅರ್ಥವಾಗಿತ್ತು. ಮೂವತ್ತು ಪುಟ ಬರೆದ ಮೇಡಂ ಕಣ್ಣು ತೆರೆದು ಬಾಯಿಗೆ ಸೆರಗು ಹಿಡಿದಿದ್ದರು.

ಸೆಕ್ರೆಟರಿ ಬರೆದರು. ನಿಧಾನವಾಗಿ, ಪುಸ್ತಕದಲ್ಲಿ ಬರೆಯುವ ಹಾಗೆಯೇ ಬರೆದರು. ಜೊತೆಯ ಮಂತ್ರಿ ತಾನೂ ಹಾಕಲೆಂದು ಕೈ ಚಾಚಿದಾಗ ಪೆನ್ನು ಕೊಡದೆ, "ಬೇಡ. ಇದಕ್ಕೆ ನನ್ನೊಬ್ಬನ ಹೆಸರು ಸಾಕು. ನಾಳೆ ಬೈಯೋರಿಗೆ ಹುಡುಕೋ ಕಷ್ಟ ಇರಬಾರದು" ಎಂದರು. ಮೇಡಂ ಬರೆದ ಮಾತೇ ಅದು. ನಾನು ನೂರು ಸಲ ಕೇಳಿದ್ದೆ. ಆವತ್ತು ಹೊಸದಾಗಿ ಕೇಳಿಸಿತು. ಅವರು ಪೆನ್ನು ಕೆಳಗಿಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, "ಈಗ ಬನ್ನಿ" ಎಂದರು. ನಾನು ಶ್ರುತಿ ಹಿಡಿದೆ.

ಆಮೇಲೆ ಬಿದ್ದ ಹಾರಗಳಿಗೆ ಲೆಕ್ಕವಿಲ್ಲ. ಸಹಿ ಹಾಕಿಸಿಕೊಂಡದ್ದಕ್ಕೆ ಅಮೆರಿಕಕ್ಕೆ ಹಾರ, ಸಹಿ ಹಾಕದೇ ಇದ್ದದ್ದಕ್ಕೆ ರಷ್ಯಕ್ಕೆ ಹಾರ. ಈ ಸಲ ನಿಲ್ಲಿಸದೆ, ನಾನು ಎರಡಕ್ಕೂ ಹಾರ್ಮೋನಿಯಂ ನುಡಿಸಿದೆ. ಮುಂದೆ ಭಾರತವಾಗಿ ಮೇಡಂ ತಾವೇ ಬಂದು, ಪರಿಹಾರವನ್ನೇನೂ ಕೇಳದೆ ಜಪಾನಿನೊಂದಿಗೆ ಬೇರೆಯೇ ಒಪ್ಪಂದ ಮಾಡಿಕೊಂಡರು. ಕೊನೆಗೆ ಐವತ್ತಾರನೇ ಇಸವಿಯಲ್ಲಿ ರಷ್ಯವೂ ಬಂದು ಕೈ ಕುಲುಕಿತು. ನಾಲ್ಕು ದ್ವೀಪದ ತಗಾದೆ ಮಾತ್ರ ಹಾಗೇ ಉಳಿಯಿತು, ಇವತ್ತಿಗೂ ಉಳಿದಿದೆ ಎಂದು ಹೇಳಿ ಮಂಗಳ ಹಾಡಿಸಿದೆವು. ಹನ್ನೆರಡೂಮುಕ್ಕಾಲು. ಹದಿನೈದು ನಿಮಿಷ ಜಾಸ್ತಿ, ಅದೂ ಹಾರದ್ದು.

ಇಷ್ಟರಲ್ಲೂ ಸೆಕ್ರೆಟರಿಯ ಕೊರಳು ಬರಿದಾಗಿತ್ತು. ಅವರ ಊರಿನವರೂ ಹಾರ ತಂದಿದ್ದರಂತೆ. ಯಾವ ಪಾರ್ಟಿಯವರು ಹಾಕಬೇಕು ಎಂದು ತೀರ್ಮಾನವಾಗದೆ ಅದು ಚೀಲದಲ್ಲೇ ಉಳಿದಿತ್ತು. "ಇತ್ಲಾಗ್ ಕೊಡಿ, ನಾಳೆ ಡೇರಿ ಬಾಗ್ಲಿಗೆ ಆಕ್ತೀನಿ" ಎಂದು ಚೀಲ ಈಸಿಕೊಂಡು, ಕೋಟು ಬಿಚ್ಚಿ ಟೈಲರ್‌ಗೆ ಕೊಟ್ಟು, ಸಂಜೆ ಹಾಲಿನ ಹೊತ್ತಿಗೆ ಊರು ಸೇರಬೇಕೆಂದು ಹೊರಟರು. ಬಾಗಿಲಲ್ಲಿ ಹಿಂತಿರುಗಿ, "ಮೇಷ್ಟ್ರೇ, ಯಾರೂ ನಗಾಡ್ನಿಲ್ಲ ಅಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತ್ತು. ನಾಚಿಕೆಯಾಗಿ ಸುಮ್ಮನಾದೆ.

ಸಭಾಂಗಣ ಖಾಲಿಯಾಗುತ್ತಿತ್ತು. ನಾನು ಹಾರ್ಮೋನಿಯಂ ಮೇಲೆ ಬಿದ್ದ ಹೂವಿನ ಎಸಳು ಒರೆಸುತ್ತಾ ಕೂತಿದ್ದೆ. ಯಾರೋ ಎದುರಿಗೆ ಬಂದು ನಿಂತರು. ಯಜಮಾನರು.

ನಾನು ಏಳಲು ಹೋದೆ. ಅವರು ಬಗ್ಗಿ, ತಾವೇ ತಿದಿ ಮುಚ್ಚಿ, ಕೊಂಡಿ ಹಾಕಿ, ಟವೆಲನ್ನು ಸಿಂಬಿ ಮಾಡಿ ಹೆಗಲ ಮೇಲಿಟ್ಟು, ಹಾರ್ಮೋನಿಯಂ ಎತ್ತಿ ಅದರ ಮೇಲಿಟ್ಟುಕೊಂಡರು. ನಮ್ಮ ಕಡೆ ಮೇಷ್ಟ್ರನ್ನು ಗೊತ್ತು ಮಾಡಲು ಕಾಗದ ಪತ್ರ ಬೇಕಿಲ್ಲ. ಯಾವ ಊರಿನವರು ಹಾರ್ಮೋನಿಯಂ ಹೊರುತ್ತಾರೋ ಮೇಷ್ಟ್ರು ಆ ಊರಿಗೆ.

"ಎಲ್ಲಿಗೆ ಯಜಮಾನ್ರೇ?" ಎಂದೆ.

"ಟೆಂಪೋಗೆ. ಮುಂದ್ಗಡೆ ಸೀಟು ಖಾಲಿ ಬುಟ್ಟಿವ್ನಿ" ಎಂದರು. ನಾಲ್ಕು ಹೆಜ್ಜೆ ಹೋದವರು ತಿರುಗಿದರು. "ಈಗ್ಲೇ ಯೋಳ್ತಿವ್ನಿ, ಹಾರ ಆಕಾದ್ ಮಾತ್ರ ನಾವ್ ಬುಡಾಕಿಲ್ಲ."

"ಹಾಕಿ. ಯಾರು ಬೇಡ ಅಂದರು?" ಎಂದೆ.

ಚಪ್ಪಲಿ ಎಲ್ಲಿ ಬಿಟ್ಟಿದ್ದೆನೋ, ಹುಡುಕುವ ಗೋಜಿಗೆ ಹೋಗಲಿಲ್ಲ. ಬರಿಗಾಲಲ್ಲೇ ಅವರ ಹಿಂದೆ ಹೊರಟೆ.